ಸುಳಿ ಕಾಣದ ಸುಳಿಲೆಕ್ಕಿಗ

ಸಭಾಂಗಣ ಕಟ್ಟುವ ಮೊದಲೇ ಅದರೊಳಗಿನ ಏಸಿ ಗಾಳಿ ಎಲ್ಲಿ ಬೀಸುತ್ತದೆ, ಯಾರಿಗೆ ಸೆಖೆ, ಯಾರಿಗೆ ನೆಗಡಿ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದುಂಟು. ಆ ಲೆಕ್ಕದಲ್ಲಿ ಅರ್ಧ ಶತಮಾನದಿಂದ ಠಿಕಾಣಿ ಹೂಡಿರುವವರು, ಗಾಳಿಯ ಸುಳಿಗಳ ಲೆಕ್ಕ ಒಪ್ಪಿಸುವ ಗಣಿತ ಮಾದರಿ, ಶ್ರೀಮಾನ್ ಕೆ-ಎಪ್ಸಿಲಾನ್. ಸಾಫ್ಟ್‌ವೇರಿನ ಮೆನುವಿನಲ್ಲಿ ಸಿಕ್ಕರು. ನಾವು ಹೋಗುವ ಮೊದಲೇ ಟಿಕ್ ಹಾಕಿಸಿಕೊಂಡು ಕೂತಿದ್ದರು.

ತಮ್ಮ ಹುಟ್ಟೂರು?

ಲಂಡನ್ನಿನ ಇಂಪೀರಿಯಲ್ ಕಾಲೇಜು. 1972ರಲ್ಲಿ ಜೋನ್ಸ್ ಮತ್ತು ಲಾಂಡರ್ ಬರೆದರು, 1974ರಲ್ಲಿ ಲಾಂಡರ್ ಮತ್ತು ಸ್ಪಾಲ್ಡಿಂಗ್ ಈಗಿನ ರೂಪ ಕೊಟ್ಟರು. ಕೆ ಎಂದರೆ ಸುಳಿಗಳಲ್ಲಿರುವ ಚಲನಶಕ್ತಿ. ಆ ಶಕ್ತಿ ದೊಡ್ಡ ಸುಳಿಯಿಂದ ಸಣ್ಣದಕ್ಕೆ ಇಳಿಯುತ್ತ ಕೊನೆಗೆ ಶಾಖವಾಗಿ ಕರಗುವ ರಭಸವೇ ಎಪ್ಸಿಲಾನ್. ಒಂದು ಕೈಲಿರುವ ದುಡ್ಡು, ಇನ್ನೊಂದು ಖರ್ಚಿನ ವೇಗ.

ಸುಳಿಗಳನ್ನು ಕಣ್ಣಾರೆ ಕಂಡಿದ್ದೀರಾ?

ಒಂದನ್ನೂ ಇಲ್ಲ. 1895ರಲ್ಲಿ ರೆನಾಲ್ಡ್ಸ್ ಸಾಹೇಬರು ಸರಾಸರಿ ತೆಗೆಯುವುದನ್ನು ಕಲಿಸಿದರು. ಸರಾಸರಿ ತೆಗೆದೊಡನೆ ಸುಳಿಗಳು ಮಾಯವಾಗುತ್ತವೆ, ಅವುಗಳ ಬಾಕಿ ಮಾತ್ರ ಸಮೀಕರಣದಲ್ಲಿ ಉಳಿಯುತ್ತದೆ. ಸುಳಿಗಳಿಂದ ಗಾಳಿಯ ಸ್ನಿಗ್ಧತೆ ಹೆಚ್ಚಿತೆಂದು ಭಾವಿಸಿ ಎಂದು ಬೂಸಿನೆಸ್ಕ್ 1877ರಲ್ಲೇ ದಾರಿ ತೋರಿಸಿದ್ದರು. ನಾನೂ ಭಾವಿಸಿದೆ.

ಲೆಕ್ಕಕ್ಕೆಂದು ಜೇಬಿನಲ್ಲಿ ಐದು ಸ್ಥಿರಾಂಕಗಳಿವೆಯಂತೆ?

0.09, 1.44, 1.92, 1.0, 1.3. ಒಂದೂ ಆಕಾಶದಿಂದ ಇಳಿದದ್ದಲ್ಲ. 1.92 ಅನ್ನು ಗಾಳಿ ಸುರಂಗದಲ್ಲಿ ಜಾಲರಿ ಇಟ್ಟು, ಅದರ ಹಿಂದೆ ಸುಳಿಗಳು ಸಾಯುವುದನ್ನು ಅಳೆದು ಹೊಂದಿಸಿದರು.

ನಮ್ಮ ಮೀಟಿಂಗ್ ರೂಮಿನಲ್ಲಿ ಜಾಲರಿ ಇಲ್ಲವಲ್ಲ?

ಒಳಗೆ ಕರೆದವರು ನೀವು. ನಾನು ಬಾಗಿಲು ತಟ್ಟಲಿಲ್ಲ.

ಹಾಗಾದರೆ ಕೋಣೆಯ ಗಾಳಿ ನಿಮಗೆ ಒಗ್ಗುವುದಿಲ್ಲವೇ?

ಏಸಿಯ ಬಾಯಲ್ಲಿ ಪರವಾಗಿಲ್ಲ. ಜನ ಕೂತಲ್ಲಿ ಗಾಳಿ ಸೆಕೆಂಡಿಗೆ 20 ಸೆಂಟಿಮೀಟರ್ ಆಸುಪಾಸಿನಲ್ಲಿ ತೆವಳುತ್ತದೆ, ಅರ್ಧ ಕ್ಷುಬ್ಧ, ಅರ್ಧ ತೂಕಡಿಕೆ. ನಾನೋ, ಎಲ್ಲೆಲ್ಲೂ ಪೂರ್ತಿ ಕ್ಷುಬ್ಧ ಎಂದೇ ಹಿಡಿಯುವವನು. ಗೋಡೆಯ ಹತ್ತಿರ ಖುದ್ದಾಗಿ ಹೋಗುವುದೂ ಇಲ್ಲ, ಒಂದು ಸಿದ್ಧ ಸೂತ್ರ ಕಳಿಸಿಬಿಡುತ್ತೇನೆ. ಬಿಸಿಲಿಗೆ ಕಾದ ಗೋಡೆಯಿಂದ ಗಾಳಿ ಮೇಲೇಳುವ ಕಡೆ ಆ ಸೂತ್ರ ತಬ್ಬಿಬ್ಬಾಗುತ್ತದೆ. ತಮಾಷೆ ಕೇಳಿ: 1972ರ ಆ ಪ್ರಬಂಧದ ಶೀರ್ಷಿಕೆಯಲ್ಲೇ ಕ್ಷುಬ್ಧ ಹರಿವು ಮತ್ತೆ ಶಾಂತವಾಗುವ ಪ್ರಸ್ತಾಪವಿತ್ತು. ನಿಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ರೊದ್ದಂ ನರಸಿಂಹ ಅವರೂ ಇದೇ ವಿದ್ಯಮಾನದ ಬೆನ್ನು ಹತ್ತಿದ್ದರು. ಆದರೆ ಊರೆಲ್ಲ ಹೆಸರಾದದ್ದು ಆ ಸೂಕ್ಷ್ಮ ಬಿಟ್ಟ ನನ್ನ ಅವತಾರ. ಅಗ್ಗ ನೋಡಿ.

ಪರೀಕ್ಷೆ ಬರೆದಿದ್ದೀರಾ?

ಡೆನ್ಮಾರ್ಕಿನ ನೀಲ್ಸನ್ ಎಂಬವರು ಒಂದು ಮಾದರಿ ಕೋಣೆ ಕೊಟ್ಟರು. 3 ಮೀಟರ್ ಎತ್ತರ, 9 ಮೀಟರ್ ಉದ್ದ, ಸೂರಿನಡಿಯ ಸೀಳಿನಿಂದ ಸೆಕೆಂಡಿಗೆ 0.455 ಮೀಟರ್ ವೇಗದ ಗಾಳಿ. ಮುಖ್ಯ ಪ್ರವಾಹವನ್ನು ಚೆನ್ನಾಗಿಯೇ ಹೇಳಿದೆ. ಮೂಲೆಯ ಪುಟ್ಟ ಸುಳಿಗಳು ತಪ್ಪಿಹೋದವು.

ಮೂಲೆಯಲ್ಲಿ ಕೂತವರ ಗತಿ?

ಮೂಲೆಯಲ್ಲಿ ಕೂರುವವರು ಏಸಿಯ ಟೆಂಡರಿಗೆ ಸಹಿ ಹಾಕುವುದಿಲ್ಲ.

ದೊಡ್ಡ ಸುಳಿಗಳನ್ನು ಒಂದೊಂದಾಗಿ ಲೆಕ್ಕಿಸುವ ಎಲ್‌ಇಎಸ್ ಎಂಬ ವಿಧಾನವಿದೆಯಲ್ಲ?

(ಮುಖ ಸಪ್ಪಗಾಯಿತು.) ಬಲು ಪಂಡಿತರು. ಅವರ ಲೆಕ್ಕ ಮುಗಿಯುವ ಹೊತ್ತಿಗೆ ಕಟ್ಟಡದ ಗೃಹಪ್ರವೇಶವಾಗಿರುತ್ತದೆ. ನಿಮ್ಮ ಮ್ಯಾನೇಜರಿಗೆ ರಿಪೋರ್ಟು ಬೇಕಾದದ್ದು ನಾಳೆ ಬೆಳಿಗ್ಗೆ. ನನ್ನ ಲೆಕ್ಕ ಒಂದು ಉತ್ತರಕ್ಕೆ ಬಂದು ನಿಲ್ಲುತ್ತದೆ, ಅದೇ ನನ್ನ ಯೋಗ್ಯತೆ. ನಿಂತದ್ದು ಸರಿಯಾದ ಜಾಗದಲ್ಲೇ ಎಂದು ನಾನು ಯಾವತ್ತೂ ಹೇಳಿಲ್ಲ. ಯಾರಾದರೂ ಕೋಣೆಗೆ ಹೋಗಿ ಗಾಳಿ ಅಳೆದು ನೋಡಿ ಎಂದರೆ, ಮ್ಯಾನೇಜರು "ಬಣ್ಣದ ಚಿತ್ರ ಚೆನ್ನಾಗಿ ಬಂದಿದೆಯಲ್ಲ" ಅನ್ನುತ್ತಾರೆ.

ಛೆ, ಇದು ಅನ್ಯಾಯ. ಅಂದ ಹಾಗೆ, ಈ ಸಂದರ್ಶನದ ಜೊತೆ ಹಾಕಲು ನಿಮ್ಮದೊಂದು ಚಿತ್ರ ಬೇಕಿತ್ತು.

ಯಾವ ಕೋಣೆಯದು ಕೊಡಲಿ?

ಯಾವುದಾದರೂ ನಡೆಯುತ್ತೆ ಸ್ವಾಮಿ, ಕೆಂಪು-ನೀಲಿ ಢಾಳಾಗಿರಲಿ.