ಬಸ್ಸು, ಬಾಳೆಗೊನೆ, ಫ್ಲೆಕ್ಸು

ನರ್ಸಿಂಗ್ ಓದುವ ಮಕ್ಕಳಿಗೆ ಬೌದ್ಧಿಕ ವಿಕಲಚೇತನರ ಆರೈಕೆ ಕಲಿಸುವುದು ಹೇಗೆಂದು ಯಾರಾದರೂ ತಲೆ ಕೆಡಿಸಿಕೊಂಡಿದ್ದರೆ ಚಿಂತೆ ಬಿಡಲಿ. ನಮ್ಮ ಕೋಲಾರ, ಮಾಲೂರಿನ ಕಡೆ ಅದಕ್ಕೆ ಬೇಕಾದ ಸಲಕರಣೆ ಮೂರೇ: ಕಾಲೇಜು ಬಸ್ಸು, ಬಾಳೆಗೊನೆ, ಫ್ಲೆಕ್ಸು. ಡಿಸೆಂಬರ್ 3ರ ವಿಕಲಚೇತನರ ದಿನ ಬಂತೆಂದರೆ ಬಸ್ಸು ವಿಶೇಷ ಶಾಲೆಯ ಮುಂದೆ ನಿಲ್ಲುತ್ತದೆ. ಅಲ್ಲಿನವರು ಸ್ವಾಗತಗೀತೆ ಹಾಡುತ್ತಾರೆ, ಇಲ್ಲಿಂದ ಹೋದವರು ಹಣ್ಣು ಹಂಚುತ್ತಾರೆ. ಮೀಸೆ ಬಂದ ಗಂಡಸಿನ ಕೆನ್ನೆ ಹಿಂಡಿ 'ಚಿನ್ನೂ' ಅನ್ನುವುದೇ ಪ್ರಾಕ್ಟಿಕಲ್. ಊಟದ ಹೊತ್ತಿಗೆ ಬಸ್ಸು ವಾಪಸ್.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 47ನೇ ಸೆಕ್ಷನ್, ಡಾಕ್ಟರು ನರ್ಸುಗಳಿಂದ ಹಿಡಿದು ಆಶಾ ಕಾರ್ಯಕರ್ತೆಯರವರೆಗೆ ಎಲ್ಲರ ಕಲಿಕೆಯಲ್ಲೂ ವೈಕಲ್ಯದ ವಿಷಯ ಇರಬೇಕು ಎನ್ನುತ್ತದೆ. ಇದೆಯಲ್ಲ, ಇಲ್ಲ ಅಂದವರ್ಯಾರು? ಐಕ್ಯೂ 50ರಿಂದ 69 ಸೌಮ್ಯ, 35ರಿಂದ 49 ಮಧ್ಯಮ, ಅದರ ಕೆಳಗೆ ತೀವ್ರ, 20ಕ್ಕೂ ಕೆಳಗೆ ಅತಿ ತೀವ್ರ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ನಮ್ಮ ವಿದ್ಯಾರ್ಥಿಗಳು ಒಪ್ಪಿಸುತ್ತಾರೆ. ರೆಕಾರ್ಡ್ ಬುಕ್ಕಿನಲ್ಲಿ ಮೂರು ಬಣ್ಣದ ಸ್ಕೆಚ್ ಪೆನ್ನಿನ ಕೇರ್ ಪ್ಲಾನ್ ಬೇರೆ, ಸೀನಿಯರ್‌ಗಳ ರೆಕಾರ್ಡಿನಿಂದ ಭಕ್ತಿಯಿಂದ ಇಳಿಸಿದ್ದು.

ಈಗ ವಾರ್ಡಿಗೆ ಬನ್ನಿ. ಶ್ರೀನಿವಾಸಪುರದ ಕಡೆಯ ಹುಡುಗನೊಬ್ಬ ತಲೆಯನ್ನು ಗೋಡೆಗೆ ಚಚ್ಚಿಕೊಳ್ಳುತ್ತಿದ್ದಾನೆ. ಮನೆಮಾತು ತೆಲುಗು, ಕೇಳುವ ಪ್ರಶ್ನೆ ಕನ್ನಡ, ಬರೆಯುವ ಶೀಟು ಇಂಗ್ಲಿಷು.

"ಇವನು ಯಾವಾಗಲೂ ಹಿಂಗೇನಾ ಅಮ್ಮಾ?"

"ಇಲ್ಲ ಸಿಸ್ಟರ್, ನೆನ್ನೆಯಿಂದ."

ರೋಗ ಪತ್ತೆಗೆ ಬೇಕಾದ ಅರ್ಧ ಮಾಹಿತಿ ಆ ಒಂದೇ ಮಾತಿನಲ್ಲಿದೆ. ಕಿವಿಯ ಸೋಂಕೋ, ಹಲ್ಲುನೋವೋ, ವಾರದಿಂದ ಕಟ್ಟಿದ ಮಲವೋ ನೋಡಬೇಕು. ನೋವನ್ನು ಬಾಯಿಬಿಟ್ಟು ಹೇಳಲಾರದವರಿಗೆಂದೇ ಮುಖ, ಕಾಲು, ಚಲನೆ, ಅಳು, ಸಮಾಧಾನ ಎಂಬ ಐದಕ್ಕೂ ಎರಡೆರಡು ಅಂಕ ಇಟ್ಟು ಹತ್ತಕ್ಕೆ ಅಳೆಯುವ ಫ್ಲಾಕ್ ಪಟ್ಟಿ ಇದೆ. ಅದರ ಪರಿಷ್ಕೃತ ರೂಪದಲ್ಲಿ 'ನನ್ನ ಮಗನಿಗೆ ನೋವಾದರೆ ಹೀಗೆ ಮಾಡುತ್ತಾನೆ' ಎಂದು ತಾಯಿ ಹೇಳಿದ್ದನ್ನು ಸೇರಿಸಲು ಜಾಗವೂ ಉಂಟು. ಆದರೆ ನಮ್ಮ ಶೀಟಿನಲ್ಲಿ ಬೀಳುವುದು ಒಂದೇ ಪದ: 'ಅನ್‌ಕೋಆಪರೇಟಿವ್'. ಸಹಕರಿಸದವನು ಹುಡುಗ, ಶೀಟಲ್ಲ.

ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 2016ರಲ್ಲಿ ಆಲಿವರ್ ಮೆಕ್‌ಗವನ್ ಎಂಬ 18ರ ಬೌದ್ಧಿಕ ವಿಕಲಚೇತನ ಹುಡುಗ ತೀರಿಕೊಂಡ. ಬೇಡ ಬೇಡವೆಂದು ಅವನೂ ಹೆತ್ತವರೂ ಹೇಳಿದ್ದ ಮನೋರೋಗದ ಔಷಧಿಯನ್ನೇ ಕೊಟ್ಟಿದ್ದರು. ತಾಯಿ ಸುಮ್ಮನಿರಲಿಲ್ಲ. 2022ರಲ್ಲಿ ಅಲ್ಲಿ ಆರೋಗ್ಯ ಸಿಬ್ಬಂದಿಗೆ ಇಂಥವರ ಆರೈಕೆಯ ತರಬೇತಿ ಕಾನೂನಿನಿಂದಲೇ ಕಡ್ಡಾಯವಾಯಿತು. ಅವನ ಹೆಸರಿನ ಆ ತರಬೇತಿಯಲ್ಲಿ ಪಾಠ ಹೇಳುವವರ ಜೊತೆ ಬೌದ್ಧಿಕ ವಿಕಲಚೇತನರೂ ನಿಲ್ಲುತ್ತಾರೆ. ನಮ್ಮಲ್ಲಿ ಅವರಿಗೆ ಸ್ವಾಗತಗೀತೆಯ ಮಟ್ಟಿಗೆ ಮೈಕು.

ಹಾಗಾದರೆ ಮುಳಬಾಗಿಲಿನಿಂದ ಒಬ್ಬ ತಾಯಿಯನ್ನೂ ಮಗನನ್ನೂ ಪಾಠಕ್ಕೆ ಕರೆಯೋಣವೇ? ಕರೆದರೆ ಮೊದಲು ಎಂ.ಎಸ್ಸಿ. ಆಗಿದೆಯೇ ಎಂದು ಕೇಳುತ್ತಾರೆ. ಅದನ್ನೂ ದಾಟಿದರೆ ಕಡತ ಅಕೌಂಟ್ಸ್‌ಗೆ ಹೋಗುತ್ತದೆ; ಗೌರವಧನದ ರಸೀದಿಗೆ ಹೆಬ್ಬೆಟ್ಟು ನಡೆಯುತ್ತದೋ ಇಲ್ಲವೋ ಎಂಬ ಸ್ಪಷ್ಟೀಕರಣ ಕೋರಿ ಅಲ್ಲಿಂದ ವಾಪಸ್ ಬರುತ್ತದೆ.