ಕಹಿಯಿಲ್ಲದ ಮದ್ದು

ಮದ್ದೆಂದರೆ ಕಹಿಯಿರಬೇಕು, ಜೊತೆಗೆ ಪಥ್ಯವಿರಬೇಕು. ಇವೆರಡೂ ಇಲ್ಲದ್ದನ್ನು ಮದ್ದೆಂದು ಒಪ್ಪಲು ನಮ್ಮ ಜನಕ್ಕೆ ಮನಸ್ಸು ಬರುವುದಿಲ್ಲ. ಬದನೆಕಾಯಿ ಬೇಡ, ಹುಳಿ ಮುಟ್ಟಬೇಡಿ, ಮೊಸರಿನ ಕಡೆ ನೋಡಲೂ ಬೇಡಿ ಎಂದು ಗದರಿಸಿ ಕಳಿಸುವ ಪಂಡಿತರ ಮೇಲೆ ಇರುವ ಭರವಸೆ, ‘ಏನು ಬೇಕಾದರೂ ತಿನ್ನಿ’ ಎನ್ನುವ ಡಾಕ್ಟರ ಮೇಲೆ ಹುಟ್ಟುವುದಿಲ್ಲ. ಏನು ಬೇಕಾದರೂ ತಿನ್ನಿ ಎಂದರೆ ಒಂದೋ ರೋಗವೇ ಇಲ್ಲ, ಇಲ್ಲವೇ ಆಸೆಯೇ ಇಲ್ಲ!

ಇಂಥ ನಾಡಿಗೆ 2020ರ ಮಾರ್ಚಿನಲ್ಲಿ ಕೊರೊನಾ ಕಾಲಿಟ್ಟಿತು. ದೇಶದ ಮೊದಲ ಕೋವಿಡ್ ಸಾವು ನಮ್ಮ ಕಲಬುರಗಿಯಲ್ಲೇ ಆಯಿತು. ಜೀವ ಕೈಯಲ್ಲಿ ಹಿಡಿದು ಟಿವಿ ಮುಂದೆ ಕೂತರೆ, ಹೆಸರಾಂತ ತಜ್ಞರೆಲ್ಲ ಬಂದು ಹೇಳಿದ್ದು ಇಷ್ಟು: ಸೋಪು ಹಾಕಿ ಇಪ್ಪತ್ತು ಸೆಕೆಂಡು ಕೈ ತೊಳೆಯಿರಿ, ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳಿ, ದೂರ ನಿಲ್ಲಿ, ಕಿಟಕಿ ತೆಗೆದಿಡಿ. ನಮ್ಮ ದೊಡ್ಡಮ್ಮನಿಗೆ ಇದು ಸ್ವಲ್ಪವೂ ಹಿಡಿಸಲಿಲ್ಲ. “ಪ್ರಪಂಚವೇ ಮುಳುಗ್ತಿದೆ ಅಂತಾರೆ, ಮದ್ದೇನಪ್ಪಾ ಅಂದ್ರೆ ಕೈ ತೊಳ್ಕೊಳ್ಳಿ ಅಂತಾರೆ. ಇದನ್ನ ಹೇಳೋಕೆ ಇಷ್ಟು ಓದಬೇಕಿತ್ತೇನೋ?” ಎಂದು ನನ್ನನ್ನು ಕೇಳಿದರು, ಆ ತಜ್ಞರನ್ನು ನಾನೇ ಓದಿಸಿದ್ದೇನೋ ಎಂಬಂತೆ.

ಕೊರೊನಾ ವೈರಸ್ಸಿನ ಮೈಮೇಲೆ ಕೊಬ್ಬಿನ ಹೊದಿಕೆಯೊಂದಿರುತ್ತದೆ, ಸೋಪು ಅದನ್ನು ಕರಗಿಸಿಬಿಟ್ಟರೆ ವೈರಸ್ಸಿನ ಆಟ ಮುಗಿಯಿತು ಎಂದು ವಿವರಿಸಿದೆ. ನಂಬಲಿಲ್ಲ. ಸೋಪಿಗೆ ಅಷ್ಟೊಂದು ಪರಾಕ್ರಮವಿದ್ದರೆ ಅದಕ್ಕೆ ಗಂಧದ ಪರಿಮಳ ಯಾಕೆ ಎಂಬುದು ಅವರ ವಾದ. ಸೋಪಿನ ವಿಷಯದಲ್ಲಿ ನಾವೇನು ಹಿಂದುಳಿದವರಲ್ಲ. ಮೊದಲ ಮಹಾಯುದ್ಧದಿಂದಾಗಿ ಗಂಧದ ಮರ ಹೊರದೇಶಕ್ಕೆ ಹೋಗುವುದು ಕಷ್ಟವಾದಾಗ, ನಾಲ್ವಡಿಯವರ ಆಳ್ವಿಕೆಯಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಬೆಂಗಳೂರಿನಲ್ಲಿ ಸರ್ಕಾರಿ ಸೋಪಿನ ಕಾರ್ಖಾನೆ ಶುರುವಾಗಿತ್ತು. ಆದರೇನು, ಎಷ್ಟೋ ಮನೆಗಳಲ್ಲಿ ಮೈಸೂರು ಸ್ಯಾಂಡಲ್ ಸೋಪು ಇದ್ದದ್ದು ಬಚ್ಚಲಲ್ಲಲ್ಲ, ಬೀರುವಿನ ರೇಷ್ಮೆ ಸೀರೆಗಳ ನಡುವೆ. ಸೀರೆಗಳು ಆರೋಗ್ಯವಾಗಿದ್ದವು.

ಸರಿ, ದೊಡ್ಡಮ್ಮ ಕಷಾಯಕ್ಕೆ ಕೈ ಹಾಕಿದರು. ಮೆಣಸು, ಶುಂಠಿ, ಜೀರಿಗೆ, ಅರಿಶಿನ, ಮೇಲೆ ಹಿತ್ತಿಲಿನ ಅಮೃತಬಳ್ಳಿ. ಅದನ್ನು ಕುಡಿದವರ ಮುಖ ನೋಡಿದರೆ ಯಾವ ರೋಗವೂ ಹತ್ತಿರ ಬರಲು ಒಮ್ಮೆ ಯೋಚಿಸಬೇಕು. ಕಷಾಯ ವೈರಸ್ಸನ್ನು ಕೊಲ್ಲುವುದಿಲ್ಲ. ಬಿಸಿಯಾಗಿ ಕುಡಿದರೆ ಗಂಟಲಿಗೆ ಹಿತ, ಹೆಚ್ಚು ಕುಡಿದರೆ ಹೊಟ್ಟೆಗೆ ಉರಿ. ಆದರೆ ನಾನು ಗಮನಿಸಿದ್ದು ಬೇರೆಯದು. ಬಳ್ಳಿ ಕೊಯ್ದು, ಜಜ್ಜಿ, ಕುದಿಸಿ, ಸೋಸಿ, ಲೋಟಗಳಿಗೆ ಬಗ್ಗಿಸಿ, ಎಲ್ಲರಿಂದಲೂ ಬಲವಂತವಾಗಿ ಕುಡಿಸುವಷ್ಟರಲ್ಲಿ ಅರ್ಧ ಬೆಳಗು ಕಳೆಯುತ್ತಿತ್ತು. ಆ ಹೊತ್ತಿಡೀ ದೊಡ್ಡಮ್ಮ ಟಿವಿ ನೋಡುತ್ತಿರಲಿಲ್ಲ. ಮನೆಯಲ್ಲಿ ಅವರಷ್ಟು ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದವರು ಇನ್ನೊಬ್ಬರಿಲ್ಲ. ಕಷಾಯದ ಗುಣ ಕುಡಿದವರಿಗಿಂತ ಕುದಿಸಿದವರಿಗೇ ಹೆಚ್ಚು ಹಿಡಿದಿತ್ತು.

ಚಿಕ್ಕಪ್ಪನವರದು ಇನ್ನೊಂದು ದಾರಿ. ಅವರು ಆಕ್ಸಿಮೀಟರ್ ತರಿಸಿಕೊಂಡರು. ಬೆರಳಿಗೆ ಸಿಕ್ಕಿಸಿ ನೋಡುವುದು, 98 ಬಂದರೆ ಸರಿಯಿದೆಯೇ ಎಂದು ಮತ್ತೆ ನೋಡುವುದು, 97 ಬಂದರೆ ಒಂದು ಯಾಕೆ ಕಡಿಮೆಯಾಯಿತೆಂದು ಮಗನಿಗೆ ಫೋನು. ಬೆರಳು ತಣ್ಣಗಿದ್ದರೆ ಆ ಯಂತ್ರ ಅಂಕಿ ತಪ್ಪಿ ತೋರಿಸುವುದುಂಟು. ಅಂಕಿ ಇಳಿದರೆ ಚಿಕ್ಕಪ್ಪನ ಕೈಕಾಲು ತಣ್ಣಗಾಗುತ್ತಿತ್ತು. ಕೈ ತಣ್ಣಗಾದರೆ ಅಂಕಿ ಇನ್ನೂ ಇಳಿಯುತ್ತಿತ್ತು. ಜ್ವರ ಬಂದವರಿಗೆ, ಅದರಲ್ಲೂ 2021ರ ಎರಡನೇ ಅಲೆಯಲ್ಲಿ, ಆ ಪುಟ್ಟ ಯಂತ್ರ ಜೀವ ಉಳಿಸಿದ್ದು ನಿಜ. ಗಟ್ಟಿಮುಟ್ಟಾಗಿದ್ದ ಚಿಕ್ಕಪ್ಪನಿಗೆ ಮಾತ್ರ ಅದು ರೋಗವಿಲ್ಲದೆಯೇ ರೋಗಿಯಾಗುವ ಸೌಕರ್ಯ ಒದಗಿಸಿತು.

ಹಿಂದಿನವರಿಗೆ ಈ ಸೌಕರ್ಯಗಳಿರಲಿಲ್ಲ. 1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಇಲಿಯ ಮೈಮೇಲಿನ ಚಿಗಟದಿಂದ ಅದು ಹರಡುತ್ತದೆಂಬುದು ಆಗಿನ್ನೂ ಎಲ್ಲರೂ ಒಪ್ಪಿದ ಮಾತಾಗಿರಲಿಲ್ಲ. ಜನಕ್ಕೆ ಗೊತ್ತಿದ್ದದ್ದು ಇಷ್ಟೇ: ಇಲಿ ಸತ್ತು ಬಿದ್ದರೆ ಮನೆ ಬಿಡು. ಕಾರಣ ಗೊತ್ತಿಲ್ಲದೆಯೂ ಪಾತ್ರೆಪಡಗ ಕಟ್ಟಿಕೊಂಡು ಊರಾಚೆ ಬಯಲಿನಲ್ಲಿ ಗುಡಿಸಲು ಹಾಕಿಕೊಂಡು ಇದ್ದರು. ಪ್ಲೇಗಿನ ಮಾರಮ್ಮನಿಗೂ ಗುಡಿ ಕಟ್ಟಿ ನಡೆದುಕೊಂಡರು. ಆದರೆ ಅಮ್ಮ ಕಾಯುತ್ತಾಳೆಂದು ಇಲಿ ಬಿದ್ದ ಮನೆಯಲ್ಲೇ ಮಲಗಲಿಲ್ಲ. ಭಕ್ತಿಗೂ ಬುದ್ಧಿಗೂ ಜಗಳ ಹಚ್ಚದೆ ಎರಡರಿಂದಲೂ ಕೆಲಸ ತೆಗೆಯುವುದು ನಮ್ಮವರ ಹಳೆಯ ಜಾಣತನ. ಇಕ್ಕಟ್ಟಾದ ಪೇಟೆಯ ಪಾಡು ಕಂಡ ಮೇಲೆ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳಿಗೆ ಬೇಡಿಕೆ ಬಂತು. ಅಲ್ಲಿನ ಅಗಲ ರಸ್ತೆ, ಸಾಲುಮರ, ಮನೆ ಹಿಂದಿನ ಕನ್ಸರ್ವೆನ್ಸಿ ಗಲ್ಲಿಗಳನ್ನು ಇಂದು ಹಳೆಯ ಬೆಂಗಳೂರಿನ ಸೊಬಗೆಂದು ಫೋಟೊ ತೆಗೆಯುತ್ತೇವೆ. ಅವು ಕೂಡ ಮದ್ದೇ: ಗಾಳಿ, ಬೆಳಕು, ಅಂತರ. ಕಹಿಯಿಲ್ಲ, ಪಥ್ಯವಿಲ್ಲ.

ಅಂತರ ಎಂದೊಡನೆ 2020ರಲ್ಲಿ ಕೆಲವರು ಎದೆಯುಬ್ಬಿಸಿದರು: ನಮ್ಮ ಮಡಿ ಇದೇ ಅಲ್ಲವೇ, ನಾವಿದನ್ನು ಎಂದೋ ಕಂಡುಹಿಡಿದಿದ್ದೆವು! ಮಡಿ ಎದುರಿನವರ ಜಾತಿ ನೋಡಿ ದೂರ ನಿಲ್ಲುತ್ತಿತ್ತು. ವೈರಸ್ಸು ಯಾರ ಗೋತ್ರವನ್ನೂ ಕೇಳದೆ ಹತ್ತಿರ ಬಂತು. ಒಂದೇ ಪಂಕ್ತಿಯಲ್ಲಿ ಕೂತು ಉಂಡವರಲ್ಲೇ ಒಬ್ಬರಿಂದೊಬ್ಬರಿಗೆ ಹರಡಿದ ಮೇಲೆ ಆ ಹೆಮ್ಮೆಯ ದನಿ ತಾನಾಗಿ ತಗ್ಗಿತು.

ಆ ದಿನಗಳಲ್ಲಿ ಹೊರದೇಶದಿಂದ ಬಂದವರ ಕೈಗೆ ಮನೆಯಲ್ಲೇ ಇರಿ ಎಂದು ಸೀಲು ಒತ್ತುತ್ತಿದ್ದರು. ಅದಕ್ಕೆ ಮತದಾನದ ಅಳಿಸಲಾಗದ ಶಾಯಿ ಬಳಸಬಹುದೆಂದು ಚುನಾವಣಾ ಆಯೋಗವೂ ಒಪ್ಪಿತು. ಆ ಶಾಯಿ ತಯಾರಾಗುವುದು ನಮ್ಮ ಮೈಸೂರಿನಲ್ಲೇ. ಮತ ಹಾಕಿದ ಬೆರಳನ್ನು ಎಲ್ಲರಿಗೂ ತೋರಿಸಿಕೊಂಡು ಓಡಾಡುವ ನಾವು ಸೀಲು ಬಿದ್ದ ಕೈಯನ್ನು ಜೇಬಿನೊಳಗೆ ಅಡಗಿಸಿದೆವು. ಮನೆಯಲ್ಲಿ ಸುಮ್ಮನೆ ಕೂರುವುದೂ ಊರಿಗೆ ಮಾಡುವ ಉಪಕಾರವೆಂದು ನಮಗೆ ಯಾರೂ ಅಭ್ಯಾಸ ಮಾಡಿಸಿರಲಿಲ್ಲ.

ಜಾಡ್ಯದ ಕಾಲದಲ್ಲಿ ಸಮಾಧಾನದಿಂದಿರಿ ಎಂದು ಹೇಳುವುದು ಸುಲಭ. ಸಮಾಧಾನ ಅಂಗಡಿಯಲ್ಲಿ ಸಿಗುವುದಿಲ್ಲ, ಬಾ ಎಂದರೆ ಬರುವುದೂ ಇಲ್ಲ. ಕೈಗೊಂದು ಕೆಲಸ, ಹೊತ್ತಿಗೆ ಊಟ, ರಾತ್ರಿ ನಿದ್ದೆ, ದಿನಕ್ಕೊಂದೇ ಸಲ ವಾರ್ತೆ, ಊರಾಚೆಯ ಒಂಟಿ ಅತ್ತೆಗೊಂದು ಫೋನು, ಲಸಿಕೆಯ ಸರದಿ ಬಂದಾಗ ತೋಳು ಮುಂದೆ ಮಾಡುವುದು: ಇಷ್ಟನ್ನು ಬೇಸರವಿಲ್ಲದೆ ಮಾಡುತ್ತಿದ್ದರೆ ಸಮಾಧಾನ ಕರೆಯದೆ ಬಂದು ಕೂರುತ್ತದೆ. ಎಲ್ಲ ಸರಿಯಾಗಿ ಮಾಡಿಯೂ ಮಲಗಿದವರಿದ್ದಾರೆ, ಏಳದವರೂ ಇದ್ದಾರೆ. ಅವರ ತಪ್ಪು ಹುಡುಕುವ ಕೆಲಸ ನಮಗೆ ಬೇಡ.

ಈ ಸಪ್ಪೆ ಮದ್ದಿಗೆ ಒಂದೇ ಒಂದು ಕೊರತೆ. ಕಾಯಿಲೆ ಬಿದ್ದು ಎದ್ದವರಿಗೆ ಕಥೆಯಿರುತ್ತದೆ: ಎಷ್ಟು ಜ್ವರವಿತ್ತು, ರುಚಿ ಹೇಗೆ ಹೋಯಿತು, ಹೇಗೆ ಮರಳಿತು. ಮದುವೆಮನೆಯ ಪಂಕ್ತಿಯಲ್ಲಿ ಅವರ ಸುತ್ತ ನಾಲ್ಕು ಜನ ಸೇರುತ್ತಾರೆ. ಕೈ ತೊಳೆದು, ಕಿಟಕಿ ತೆಗೆದು, ಮನೆಯಲ್ಲಿ ಕೂತು ಬಚಾವಾದವನಿಗೆ ಹೇಳಿಕೊಳ್ಳಲು ಏನಿದೆ? ಪಕ್ಕದವರ ಕಥೆ ಕೇಳುತ್ತ, ಬಡಿಸುವವರನ್ನು ಕೂಗಿ ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳಬಹುದು, ಅಷ್ಟೆ. ಪಥ್ಯವಂತೂ ಇಲ್ಲವಲ್ಲ!