ಎಕ್ಸೆಲ್ ಶೀಟಿನ ಕಾಲಜ್ಞಾನ

ನಮ್ಮ ಕೊಡೇಕಲ್‌ಗೆ ಕಾಲಜ್ಞಾನ ಹೊಸದಲ್ಲ. ಕೊಡೇಕಲ್ ಬಸವಣ್ಣನ ಪರಂಪರೆಯವರು ಮುಂದಾಗುವುದನ್ನು ಬರೆದಿಟ್ಟವರು, ಅದಕ್ಕೆ ಅಮರಗನ್ನಡವೆಂಬ ಗೂಢ ಲಿಪಿಯನ್ನೂ ಇಟ್ಟುಕೊಂಡಿದ್ದವರು. ಹಬ್ಬಕ್ಕೆಂದು ಬೆಂಗಳೂರಿನಿಂದ ಬಂದ ಅಕ್ಕನ ಮಗ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ತೆರೆದು ಪ್ರೀ-ಮನಿ, ಸೀಡ್ ರೌಂಡ್, ಬರ್ನ್ ರೇಟ್ ಎಂದು ಶುರು ಮಾಡಿದಾಗ, ಪರಂಪರೆ ಬತ್ತಿಲ್ಲ ಎಂದು ಸಮಾಧಾನವಾಯಿತು.

ಅವನದು ಎತ್ತು ಮಾರುವ ಆ್ಯಪ್. ಇದುವರೆಗೆ ಒಂದು ಎತ್ತೂ ಮಾರಿಲ್ಲ. ಕಂಪನಿಯ ಬೆಲೆ 10 ಕೋಟಿ.

"ಯಾರು ಕಟ್ಟಿದ್ದೋ ಈ ರೇಟು?"

"ಮುಂದಿನ ವರ್ಷದಿಂದ ಕೋಟಿ ರೂಪಾಯಿ ಉಳೀತದ ಅಂತ ಹಿಡೀರಿ ಮಾಮಾ. ರಿಸ್ಕು ನೂರಕ್ಕ 15, ಬೆಳವಣಿಗಿ ನೂರಕ್ಕ 5. ಕಳದ್ರ ನೂರಕ್ಕ 10. ಅದರಿಂದ ಕೋಟಿ ಭಾಗಿಸ್ರಿ, 10 ಕೋಟಿ."

"ಕಡಿಮಿ ಆತಲ್ಲೋ."

ತಡಮಾಡದೆ 15 ಇದ್ದಲ್ಲಿ 12 ಒತ್ತಿದ, 5 ಇದ್ದಲ್ಲಿ 7. ಬೆಲೆ 20 ಕೋಟಿ ಆಯಿತು. ನನ್ನ ಚಹಾ ಇನ್ನೂ ಆರಿರಲಿಲ್ಲ.

ಎತ್ತಿನ ಸಂತೆಯಲ್ಲೂ ಗುಟ್ಟಿದೆ. ದಲ್ಲಾಳಿ ಟವೆಲ್ಲಿನ ಕೆಳಗೆ ಬೆರಳು ಹಿಡಿದೇ ವ್ಯಾಪಾರ ಕುದುರಿಸುತ್ತಾನೆ, ಪಕ್ಕದಲ್ಲಿ ನಿಂತವನಿಗೂ ರೇಟು ತಿಳಿಯದು. ಆದರೆ ಬೆರಳು ಹಿಡಿಯುವ ಮುಂಚೆ ಎತ್ತಿನ ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾರೆ, ಸುಳಿ ನೋಡುತ್ತಾರೆ, ನಾಲ್ಕು ಹೆಜ್ಜೆ ನಡೆಸುತ್ತಾರೆ. ಇವನು ಎಣಿಸಿದ್ದು ಹುಟ್ಟದ ಎತ್ತಿನ ಮೊಮ್ಮಗನ ಹಲ್ಲು. ಎತ್ತಿಗೆ ಮೊಮ್ಮಕ್ಕಳಿರುವುದಿಲ್ಲ ಎಂಬುದು ಎಕ್ಸೆಲ್ಲಿಗೆ ಗೊತ್ತಿಲ್ಲ.

ಹುಡುಗನೊಬ್ಬನನ್ನೇ ಆಡಿಕೊಂಡು ಏನು ಪ್ರಯೋಜನ? ಬೆಂಗಳೂರಿನ ಆನ್‌ಲೈನ್ ಪಾಠದ ಕಂಪನಿ ಬೈಜೂಸ್‌ಗೆ 2022ರಲ್ಲಿ ಕಟ್ಟಿದ್ದ ಬೆಲೆ 2,200 ಕೋಟಿ ಡಾಲರ್. ಕಟ್ಟಿದವರು ಲೆಕ್ಕ ಬಾರದವರಲ್ಲ. 2023ರ ಮಾರ್ಚ್ ಕೊನೆಯ ಲೆಕ್ಕಕ್ಕೆ ಅದರಲ್ಲಿ ಹಣ ಹೂಡಿದ್ದ ಬ್ಲ್ಯಾಕ್‌ರಾಕ್ ಅದೇ ಕಂಪನಿಗೆ ಹಾಕಿದ್ದು ಸುಮಾರು 840 ಕೋಟಿ ಡಾಲರ್, ಇನ್ನೊಬ್ಬ ಹೂಡಿಕೆದಾರ ಪ್ರೋಸಸ್ ಹಾಕಿದ್ದು ಸುಮಾರು 510 ಕೋಟಿ. ಒಂದೇ ಕೊಟ್ಟಿಗೆ, ಒಂದೇ ಎತ್ತು, ಒಂದೇ ದಿನ. 2024ರಲ್ಲಿ ಪ್ರೋಸಸ್ ತನ್ನ ಪಾಲಿಗೆ ಬರೆದುಕೊಂಡ ಬೆಲೆ ಸೊನ್ನೆ. ಅಷ್ಟು ದೊಡ್ಡ ಸಂಖ್ಯೆಗಳಲ್ಲಿ ಎಲ್ಲರೂ ಒಪ್ಪುವಂಥದ್ದು ಅದೊಂದೇ ಇರಬೇಕು.

ಈ ದೇಶದಲ್ಲಿ ಹಲ್ಲು ಎಣಿಸಲು ಹೋದವನು ಒಬ್ಬನೇ, ಆದಾಯ ತೆರಿಗೆಯವನು. 2012ರಲ್ಲಿ ಬಂದ ಏಂಜೆಲ್ ಟ್ಯಾಕ್ಸ್ ಪ್ರಕಾರ, ನ್ಯಾಯವಾದ ಬೆಲೆಗಿಂತ ಹೆಚ್ಚಿಗೆ ಷೇರು ಮಾರಿದರೆ ಹೆಚ್ಚಿನದು ಆದಾಯ. ಹೇಳಿದಷ್ಟು ಉಳಿಯಲಿಲ್ಲವಲ್ಲ ಎಂದು ಅವನು ಹಳೆಯ ಕಾಲಜ್ಞಾನ ಮುಂದಿಟ್ಟುಕೊಂಡು ಕೂತ. ಹಲ್ಲು ಎಣಿಸುವ ನೆಪದಲ್ಲಿ ದವಡೆಗೇ ಕೈ ಹಾಕಿದ ಎಂಬ ದೂರೂ ಸುಳ್ಳಲ್ಲ ಅನ್ನಿ. 2024ರ ಬಜೆಟ್ಟಿನಲ್ಲಿ ಆ ತೆರಿಗೆಯೇ ಹೋಯಿತು.

ನಾವೂ ಮಳೆ ನಂಬಿ ತೊಗರಿ ಬಿತ್ತುವವರೇ, ನಮ್ಮದೂ ಭವಿಷ್ಯದ ವ್ಯಾಪಾರವೇ. ಆದರೆ ಬ್ಯಾಂಕಿನ ಮೇನೇಜರು ನಮ್ಮ ಮುಂದಿನ ಐದು ಹಂಗಾಮಿನ ಇಳುವರಿಗೆ ರೇಟು ಕಟ್ಟುವುದಿಲ್ಲ. ಪಹಣಿ ತಾ ಅನ್ನುತ್ತಾನೆ, ಜಾಮೀನು ತಾ ಅನ್ನುತ್ತಾನೆ. ಅವನ ಎದುರು ಲ್ಯಾಪ್‌ಟಾಪ್ ತೆರೆಯುವ ಧೈರ್ಯ ನಮಗಿನ್ನೂ ಬಂದಿಲ್ಲ.

"ನೀವೂ ಒಂದೈದು ಲಕ್ಷ ಹಾಕ್ರಿ ಮಾಮಾ, ಮನಿಯವರು ಅಂತ 10 ಕೋಟಿ ರೇಟಿಗೇ ಕೊಡ್ತೀನಿ" ಅಂದ. ಹೊರಗಿನವರಿಗೆ 20.

ರಾತ್ರಿ ಅವನನ್ನು ಬೆಂಗಳೂರು ಬಸ್ಸು ಹತ್ತಿಸಿ ಬಂದೆ. ಟಿಕೆಟ್ಟಿನ ರೊಕ್ಕ ನನ್ನದೇ.